ಮೂರನೇ ಕಣಜದ ಬೀಗ

ಗೋಧಿ ತುಂಬಿಡುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಮಾವ ಎಂದೇ ಕರೆಯುತ್ತಿದ್ದರು. ಹುಟ್ಟುತ್ತಲೇ ಯಾರೂ ಮಾವ ಆಗುವುದಿಲ್ಲ, ಇವನೂ ಆಗಿರಲಿಲ್ಲ. ಆರು ವರ್ಷದ ಹಿಂದೆ ಇವನ ಮಗಳನ್ನು ಮದುವೆಯಾದವನು ಅಲ್ಲೇ ಕೆಲಸಕ್ಕೆ ಸೇರಿಕೊಂಡು, ಮೊದಲ ದಿನವೇ ಹತ್ತು ಜನರ ಮುಂದೆ, ‘ಮಾವ, ಕ್ಯಾಂಟೀನು ಯಾವ ಕಡೆ?’ ಎಂದು ಕೇಳಿಬಿಟ್ಟ. ಅಷ್ಟೇ ಸಾಕಾಯಿತು. ಸಂಜೆಯೊಳಗೆ ಲಾರಿ ಡ್ರೈವರುಗಳಿಗೂ ಮಾವ, ತೂಕದ ಮನೆಯವರಿಗೂ ಮಾವ, ಇವನಿಗಿಂತ ಎರಡು ವರ್ಷ ದೊಡ್ಡವನಾದ ಗೇಟಿನ ಕಾವಲುಗಾರನಿಗೂ ಮಾವ. ಒಳಗೊಳಗೇ ಇವನಿಗೆ ಅದು ಖುಷಿಯೇ ಆಗಿತ್ತೆನ್ನಿ.

ಮಾವನ ಕೆಲಸ ಗುಂಡಿ ಒತ್ತುವುದು. ಇಷ್ಟೇನಾ ಎಂದು ಮೂಗು ಮುರಿಯಬೇಡಿ. ಅಲ್ಲಿ ಸಾಲಾಗಿ ಎಂಟು ಸಿಮೆಂಟಿನ ಕಣಜಗಳು, ಒಂದೊಂದೂ ಹನ್ನೆರಡು ಮಹಡಿ ಎತ್ತರ, ಒಂದೊಂದರ ಹೊಟ್ಟೆಯಲ್ಲೂ ಒಂದು ಊರು ವರ್ಷವಿಡೀ ತಿನ್ನುವಷ್ಟು ಗೋಧಿ. ಬುಡದಲ್ಲಿ ಒಂದು ಕಿಂಡಿ, ಕಿಂಡಿಯ ಕೆಳಗೆ ಓಡುವ ಪಟ್ಟಿ. ಮಾವ ತನ್ನ ಗಾಜಿನ ಕೋಣೆಯಲ್ಲಿ ಕೂತು ಗುಂಡಿ ಒತ್ತಿದರೆ ಕಿಂಡಿ ತೆರೆದು, ಪಟ್ಟಿ ಓಡಿ, ಗೋಧಿ ಧೋ ಎಂದು ಲಾರಿಗೆ ಸುರಿಯುತ್ತಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಅವನು ಒಂದೇ ಒಂದು ಸಲವೂ ಒಂದು ಕಣಜದ ಬದಲು ಇನ್ನೊಂದರ ಗುಂಡಿ ಒತ್ತಿದವನಲ್ಲ. ಅದನ್ನು ಅವನೇ ಹೇಳುತ್ತಿದ್ದ, ದಿನಕ್ಕೆರಡು ಸಲ.

ಅಲ್ಲಿನವರು ಮಾಡಿಕೊಂಡಿದ್ದ ಒಂದು ಪದ್ಧತಿಯೂ ಇತ್ತು. ಲಾರಿ ಎಷ್ಟನೇ ಕಣಜದ ಬಾಯಿಗೆ ಬಂದು ನಿಂತಿತೋ ಡ್ರೈವರು ಅಷ್ಟು ಸಲ ಹಾರ್ನ್ ಹೊಡೆಯಬೇಕು. ಒಂದನೆಯದಕ್ಕೆ ಒಂದು, ಮೂರನೆಯದಕ್ಕೆ ಮೂರು. ಎಂಟನೆಯದಕ್ಕೆ ಲಾರಿ ಬಂದರೆ ಅಕ್ಕಪಕ್ಕದವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಯಾರು ಶುರು ಮಾಡಿದರೋ ಯಾರಿಗೂ ನೆನಪಿಲ್ಲ, ಆದರೆ ಮಾವ ಚಹಾದ ಲೋಟದಿಂದ ತಲೆ ಎತ್ತಬೇಕಾಗಿಯೂ ಇರಲಿಲ್ಲ. ಹಾರ್ನ್ ಕೇಳಿದರೆ ಕೈ ತಾನಾಗಿ ಹೋಗುತ್ತಿತ್ತು. ನನ್ನ ಕಿವಿಗೂ ಬೆರಳಿಗೂ ನೇರ ಸಂಬಂಧ, ನಡುವೆ ತಲೆಗೆ ಏನೂ ಕೆಲಸವಿಲ್ಲ ಎಂದು ಅವನು ಕೊಚ್ಚಿಕೊಂಡರೆ, ಅದು ನಮಗೂ ಗೊತ್ತಿದೆ ಎಂದು ಹುಡುಗರು ನಗುತ್ತಿದ್ದರು.

ಅಳಿಯನದು ಬೇರೆ ಕೆಲಸ. ಕಣಜದೊಳಗೆ ಗೋಧಿ ತೇವ ಹಿಡಿದರೆ ಮೇಲ್ಪದರ ಗಟ್ಟಿ ಕಟ್ಟುತ್ತದೆ. ಆಗ ನೆತ್ತಿಯ ಬಾಯಿಯಿಂದ ಒಬ್ಬ ಒಳಗಿಳಿದು, ಗೋಧಿಯ ಮೇಲೆ ನಡೆದಾಡುತ್ತ ಗಳದಿಂದ ಕುಟ್ಟಿ ಕುಟ್ಟಿ ಆ ಹೆಪ್ಪನ್ನು ಒಡೆಯಬೇಕು. ಅದಕ್ಕೆ ಅವರು ಕಾಳು ತುಳಿಯುವುದು ಎನ್ನುತ್ತಿದ್ದರು. ಕೆಳಗೆ ಪಟ್ಟಿ ಓಡುತ್ತಿರುವಾಗಲೇ ತುಳಿದರೆ ಎಲ್ಲಿ ಗೋಧಿ ಜಾರುತ್ತಿಲ್ಲ ಎಂದು ಕಣ್ಣಿಗೇ ಕಾಣುತ್ತದೆ, ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಹಾಗೆ ತುಳಿಯಬಲ್ಲವನೇ ಗಂಡಸು ಎಂದು ಲೆಕ್ಕ. ಬುದ್ಧಿವಂತರೆಲ್ಲ ಸೇರಿಕೊಂಡು ಕಂಡುಹಿಡಿದ ದಡ್ಡತನ ಎಂದರೆ ಇದೇ ನೋಡಿ. ಓಡುವ ಗೋಧಿ ನೀರಿಗಿಂತ ಕಡೆ. ನೀರಾದರೆ ಕೈಕಾಲು ಬಡಿದು ತೇಲಬಹುದು, ಗೋಧಿಯಲ್ಲಿ ಬಡಿದಷ್ಟೂ ಅದು ಕೆಳಗೆಳೆಯುತ್ತದೆ.

ಎರಡು ವರ್ಷದ ಹಿಂದೆ ಒಬ್ಬ ಎದೆಮಟ್ಟ ಹೂತುಹೋಗಿದ್ದ. ಪುಣ್ಯಕ್ಕೆ ಅದೇ ಹೊತ್ತಿಗೆ ಕರೆಂಟು ಹೋಗಿ ಪಟ್ಟಿ ನಿಂತಿತು, ನಾಲ್ಕು ಜನ ಹಗ್ಗ ಹಾಕಿ ಎಳೆದರು. ಅವನ ಒಂದು ಬೂಟು ಒಳಗೇ ಉಳಿಯಿತು. ಮೂರು ದಿನದ ಮೇಲೆ ಆ ಬೂಟು ಗೋಧಿಯ ಜೊತೆ ಜಾರಿಕೊಂಡು ಚೀಲ ತುಂಬುವ ಕಡೆ ಬಂದು ಬಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೇ ಇದ್ದವಳು ಒಬ್ಬಳೇ, ಚೀಲದ ಬಾಯಿ ಹೊಲಿಯುವ ಹೆಂಗಸು. ಬೂಟು ಬಿದ್ದದ್ದು ಅವಳ ಮಡಿಲಿಗೆ.

ಅವಳಿಗೆ ದಬ್ಬಣದಕ್ಕ ಎಂದು ಹೆಸರು. ಗೋಣಿಚೀಲ ಹೊಲಿಯುವ ಗೇಣುದ್ದದ ಸೂಜಿ, ಆ ದಬ್ಬಣ, ಸದಾ ಅವಳ ಮುಡಿಯಲ್ಲಿ ಸಿಕ್ಕಿಸಿಕೊಂಡಿರುತ್ತಿತ್ತು. ಹೆಚ್ಚು ಮಾತಿನವಳಲ್ಲ. ಆಡಿದರೆ ಮಾತೂ ದಬ್ಬಣದ ಹಾಗೇ, ಒಂದೇ ಸಲ ಈ ಕಡೆಯಿಂದ ಆ ಕಡೆಗೆ.

ಕೆಲಸದವರು ತಮ್ಮ ಸುರಕ್ಷತೆ ನೋಡಿಕೊಳ್ಳುವುದಕ್ಕೆ ತಮ್ಮಲ್ಲೇ ಒಬ್ಬರನ್ನು ಆರಿಸಿಕೊಳ್ಳಬೇಕು ಎಂದು ಕಾನೂನು ಬಂದಾಗ ಮಾವ ಹೊಸ ಅಂಗಿ ಹಾಕಿಕೊಂಡು ಬಂದ. ತಾನಲ್ಲದೆ ಇನ್ಯಾರು ಎಂಬ ಧೈರ್ಯ. ಬಿಸ್ಕತ್ತಿನ ಖಾಲಿ ಡಬ್ಬಿಗೆ ಇಪ್ಪತ್ತಮೂರು ಚೀಟಿ ಬಿದ್ದವು. ಎಣಿಸಿದರೆ ದಬ್ಬಣದಕ್ಕನಿಗೆ ಹದಿನೆಂಟು, ಮಾವನಿಗೆ ಐದು. ಆ ಐದರಲ್ಲಿ ಒಂದು ಅವನದೇ. ಉಳಿದ ನಾಲ್ಕರಲ್ಲಿ ಅಳಿಯನದು ಇತ್ತೋ ಇಲ್ಲವೋ ಎಂದು ಕೇಳುವ ಧೈರ್ಯ ಅವನಿಗೆ ಇವತ್ತಿಗೂ ಬಂದಿಲ್ಲ.

ಗೆದ್ದವರಿಗೆ ಸಿಗುವುದು ಔಷಧದ ಪೆಟ್ಟಿಗೆಯ ಬೀಗದ ಕೈ, ಗೋಡೆಗೆ ಅಂಟಿಸುವ ನಾಲ್ಕು ಚಿತ್ರ, ಅಷ್ಟೇ ಎಂದು ಎಲ್ಲರೂ ಅಂದುಕೊಂಡಿದ್ದರು. ದಬ್ಬಣದಕ್ಕ ಮಾತ್ರ ಐದು ದಿನದ ತರಬೇತಿಗೆ ಹೋಗಿ, ಒಂದು ತೆಳ್ಳನೆಯ ಪುಸ್ತಕ ತಂದುಕೊಂಡು, ಅದನ್ನು ಪರೀಕ್ಷೆಗೆ ಓದುವ ಮಕ್ಕಳ ಹಾಗೆ ಗೆರೆ ಎಳೆದು ಓದಿದಳು. ಎಲ್ಲಿ ಬೇಕಾದರೂ ಹೋಗಿ ನೋಡುವ ಹಕ್ಕು ತನಗಿದೆ ಎಂದು ಅದರಲ್ಲಿತ್ತು. ಮ್ಯಾನೇಜರನ ಮುಂದೆ ಆ ಪುಟ ತೆರೆದಿಟ್ಟು, ನೂರ ತೊಂಬತ್ತಾರು ಮೆಟ್ಟಿಲು ಹತ್ತಿ ಮೂರನೇ ಕಣಜದ ನೆತ್ತಿಗೆ ಹೋದಳು. ಇಪ್ಪತ್ತು ವರ್ಷ ಕೆಳಗೆ ಕೂತು ಹೊಲಿದವಳು ಮೇಲೆ ಹೋಗಿ ಬಗ್ಗಿ ನೋಡಿ, ಬಹಳ ಹೊತ್ತು ಎದ್ದೇಳಲಿಲ್ಲವಂತೆ.

ಮಾರನೆಯ ದಿನ ಒಬ್ಬ ಆಳಿನ ತೂಕದಷ್ಟು ಗೋಧಿ ತುಂಬಿ ಒಂದು ಚೀಲ ಹೊಲಿದಳು. ಅದನ್ನು ಹಗ್ಗ ಕಟ್ಟಿ ಕಣಜದೊಳಗೆ ಇಳಿಸಿ, ಮ್ಯಾನೇಜರನನ್ನೂ ಕಾಳು ತುಳಿಯುವವರನ್ನೂ ಸುತ್ತ ನಿಲ್ಲಿಸಿಕೊಂಡು, ಕೆಳಗೆ ಮಾವನಿಗೆ ಫೋನು ಮಾಡಿ ಗುಂಡಿ ಒತ್ತಿ ಎಂದಳು. ಮಾವ ಒತ್ತಿದ. ಫೋನಿನಲ್ಲಿ ಅವಳು ಒಂದು, ಎರಡು, ಮೂರು ಎಂದು ಎಣಿಸುವುದು ಕೇಳಿಸುತ್ತಿತ್ತು. ಹದಿನಾಲ್ಕಕ್ಕೆ ಎಣಿಕೆ ನಿಂತಿತು. ಚೀಲ ಎಲ್ಲಿತ್ತೋ ಅಲ್ಲಿ ನುಣ್ಣಗಿನ ಗೋಧಿ, ಅಷ್ಟೇ. ಮೇಲಿದ್ದವರು ಕೆಳಗಿಳಿದಾಗ ಅಳಿಯನ ಮುಖ ಸುಣ್ಣದಂತಾಗಿತ್ತು. ಮಾವ ಮಾತ್ರ ಜಗ್ಗಲಿಲ್ಲ. ಚೀಲಕ್ಕೆ ಬುದ್ಧಿ ಇದೆಯೇ, ಪಕ್ಕಕ್ಕೆ ಸರಿಯಲು ಅದಕ್ಕೆ ಕಾಲಿದೆಯೇ ಎಂದು ಕ್ಯಾಂಟೀನಿನಲ್ಲಿ ವಾದ ಹೂಡಿದ.

ಹೀಗೆ ಮೂರನೇ ಕಣಜಕ್ಕೆ ಬೀಗ ಬಂತು. ಹೆಪ್ಪು ಕಟ್ಟುವುದು ಅದರಲ್ಲೇ ಹೆಚ್ಚಾದ್ದರಿಂದ ನಾಲ್ಕು ತಿಂಗಳು ಅಲ್ಲಿ ಪರೀಕ್ಷೆಗೆ ಇಡುವುದು, ಆಮೇಲೆ ಉಳಿದ ಏಳಕ್ಕೂ ಹಾಕುವುದೋ ಇದನ್ನೂ ಕಿತ್ತುಹಾಕುವುದೋ ತೀರ್ಮಾನಿಸುವುದು ಎಂದಾಯಿತು. ಕಾಳು ತುಳಿಯಲು ಹೋಗುವವನು ಮೊದಲು ಕೆಳಗೆ ಆ ಕಣಜದ ಕಿಂಡಿಗೂ ಪಟ್ಟಿಗೂ ಇರುವ ಮುಖ್ಯ ಸ್ವಿಚ್ಚು ಆರಿಸಿ, ಅದಕ್ಕೆ ಕೆಂಪು ಬೀಗ ಜಡಿದು, ಬೀಗದ ಕೈಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡು ಒಳಗಿಳಿಯಬೇಕು. ಸೊಂಟಕ್ಕೆ ಹಗ್ಗ, ಹಗ್ಗ ಹಿಡಿದು ನೆತ್ತಿಯ ಮೇಲೆ ಒಬ್ಬ. ಅವನು ಹತ್ತಿ ಬಂದು ತಾನೇ ಬೀಗ ತೆಗೆಯುವವರೆಗೆ ದೇವರೇ ಬಂದರೂ ಪಟ್ಟಿ ಓಡುವಂತಿಲ್ಲ. ಜೊತೆಗೆ ಮಾವನ ಮೂರನೇ ಗುಂಡಿಯ ಮೇಲೆ ನೇತುಹಾಕಲು ‘ಒಳಗೆ ಆಳು ಇದ್ದಾನೆ’ ಎಂದು ಬರೆದ ಕೆಂಪು ಚೀಟಿ. ತಪ್ಪಿಹೋದ ಅಪಘಾತವನ್ನು ತಾವಾಗಿ ಬಂದು ಹೇಳಿದವರಿಗೆ ಶಿಕ್ಷೆಯಿಲ್ಲ ಎಂಬ ಕಾಗದಕ್ಕೂ ದಬ್ಬಣದಕ್ಕ ಮ್ಯಾನೇಜರನಿಂದ ಸಹಿ ಹಾಕಿಸಿಕೊಂಡು, ಅವನ್ನು ಬರೆದಿಡಲು ಒಂದು ನೋಟ್‌ಬುಕ್ಕು ಇಟ್ಟಳು.

ಮಾವನಿಗೆ ಉರಿದುಹೋಯಿತು. ಲಾರಿಗಳು ಕಾಯುವುದು, ಡ್ರೈವರುಗಳು ಗೊಣಗುವುದು ಹಾಗಿರಲಿ, ಈ ಬೀಗ ಬಿದ್ದದ್ದು ಸ್ವಿಚ್ಚಿಗಲ್ಲ, ತನ್ನ ಕೈಗೆ ಎಂದು ಅವನಿಗೆ ಅನ್ನಿಸಿತು. ನೇರವಾಗಿ ಅವಳ ಹತ್ತಿರವೇ ಹೋಗಿ ಕೇಳಿದ.

“ಇಪ್ಪತ್ತೆಂಟು ವರ್ಷ ಆಯ್ತಮ್ಮ. ನನ್ನ ಕೈ ಮೇಲೆ ನಿಂಗೆ ನಂಬಿಕೆ ಇಲ್ವಾ?”

ಅವಳು ಹೊಲಿಯುವುದನ್ನು ನಿಲ್ಲಿಸಲಿಲ್ಲ. “ನಿಮ್ಮ ಮೇಲಿದೆ ಮಾವ. ಯಾರ ಕೈ ಮೇಲೂ ನನಗಿಲ್ಲ. ಇಷ್ಟು ವರ್ಷದಲ್ಲಿ ನನ್ನ ಬೆರಳಿಗೆ ದಬ್ಬಣ ಚುಚ್ಚಿದ್ದೆಲ್ಲ ನನ್ನ ಕೈನೇ.”

ಮಾವ ದುಮುಗುಟ್ಟುತ್ತ ವಾಪಸ್ಸು ಬಂದ. ಕೆಂಪು ಚೀಟಿಯನ್ನು ಒಂದು ವಾರ ಗುಂಡಿಯ ಮೇಲೆ ಹಾಕಿದ. ಬಂದವರೆಲ್ಲ ಅದನ್ನು ನೋಡುವುದು, ಆಮೇಲೆ ತನ್ನನ್ನು ನೋಡುವುದು ಮಾಡುತ್ತಾರೆಂದು ಅವನಿಗೆ ಭಾಸವಾಗತೊಡಗಿತು. ಎರಡನೇ ವಾರದಿಂದ ಅದು ಗೋಡೆಯ ಕ್ಯಾಲೆಂಡರಿನ ಮೊಳೆಗೆ ಹೋಯಿತು. ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಮ್ಯಾನೇಜರು ಒಂದು ಕಾಗದ ಬರೆಸಿದ, ಈ ಬೀಗದಿಂದ ಕೆಲಸಕ್ಕೆ ತೊಂದರೆಯೇ ಹೊರತು ಲಾಭವಿಲ್ಲ, ತೆಗೆಸುವುದು ಒಳ್ಳೆಯದು ಎಂದು. ಅದರ ಕೆಳಗೆ ಮೊದಲ ಸಹಿ ಮಾವನದು. ದೊಡ್ಡ ಅಕ್ಷರದ ಸಹಿ.

ತೀರ್ಮಾನದ ಸಭೆ ಮಧ್ಯಾಹ್ನ ಮೂರು ಗಂಟೆಗೆ ಎಂದು ಗೊತ್ತಾಗಿತ್ತು. ಅದೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅಳಿಯ ಗಾಜಿನ ಕೋಣೆಯ ಬಾಗಿಲಿಗೆ ಬಂದು ನಿಂತ. ಮನೆಯಲ್ಲಿ ಮಾವ ಅವನನ್ನು ಬನ್ನಿ, ಕೂತ್ಕೊಳ್ಳಿ ಎಂದು ಬಹುವಚನದಲ್ಲೇ ಕರೆಯುವುದು. ಕಾರ್ಖಾನೆಯಲ್ಲಿ ಆ ಮರ್ಯಾದೆಯೆಲ್ಲ ಗೇಟಿನ ಹೊರಗೇ ಉಳಿಯುತ್ತಿತ್ತು.

ಮೂರನೆಯದಕ್ಕೆ ಇಳಿಯುತ್ತಿದ್ದೇನೆ, ಬೀಗ ಹಾಕಿ ಬಂದಿದ್ದೇನೆ ಎಂದು ಅಳಿಯ ಜೇಬು ತಟ್ಟಿ ತೋರಿಸಿದ. ಚೀಟಿ ಹಾಕಿಕೊಳ್ಳಿ ಮಾವ ಎಂದೂ ಹೇಳಿದ. ಹಾಕ್ತೀನಿ ಹೋಗೋ, ನನಗೆ ಹೇಳಿಕೊಡಬೇಡ ಎಂದು ಮಾವ ಅವನನ್ನು ಸಾಗಹಾಕಿದ. ಇವತ್ತು ಮಧ್ಯಾಹ್ನ ಹೇಗಿದ್ದರೂ ಇದೆಲ್ಲ ಮುಗಿಯುತ್ತದೆ ಎಂದು ಚಹಾ ಸುರಿದುಕೊಂಡು, ಸಭೆಯಲ್ಲಿ ಏನು ಮಾತಾಡಬೇಕೆಂದು ಮನಸ್ಸಿನಲ್ಲೇ ಜೋಡಿಸತೊಡಗಿದ. ಇಪ್ಪತ್ತೆಂಟು ವರ್ಷ ಎಂಬಲ್ಲಿಂದ ಶುರು ಮಾಡಬೇಕು. ಅನುಭವ ಎಂಬ ಮಾತು ಬರಬೇಕು. ದಬ್ಬಣದಕ್ಕನ ಬಗ್ಗೆ ಕೆಟ್ಟದ್ದೇನೂ ಹೇಳಬಾರದು, ಆದರೆ ಹೊಲಿಗೆಯೇ ಬೇರೆ ಯಂತ್ರವೇ ಬೇರೆ ಎಂದು ಒಂದು ಏಟು ಕೊಡಬೇಕು. ಹಾಗೆ ಜೋಡಿಸುತ್ತ ಜೋಡಿಸುತ್ತ ಹತ್ತು ನಿಮಿಷ ಹೋಯಿತು. ಮಾತು ಸೊಗಸಾಗಿ ಕೂಡಿಬರುತ್ತಿತ್ತು.

ಹೊರಗೆ ಒಂದು ಲಾರಿ ಬಂದು ನಿಂತು ಮೂರು ಸಲ ಹಾರ್ನ್ ಹೊಡೆಯಿತು.

ಮಾವ ಮೂರನೇ ಗುಂಡಿ ಒತ್ತಿದ.

ಪಟ್ಟಿ ಓಡಲಿಲ್ಲ. ಗುಂಡಿಯ ದೀಪ ಹೊತ್ತಲಿಲ್ಲ. ಥತ್, ಮತ್ತೆ ಕೆಟ್ಟಿತು ಎಂದು ಬೈದುಕೊಂಡು, ಸಿಟ್ಟಿನಲ್ಲಿ ಹೆಬ್ಬೆರಳು ಬಲವಾಗಿ ಊರಿ ಇನ್ನೊಂದು ಸಲ ಒತ್ತಿದ. ಆಗಲೂ ಓಡಲಿಲ್ಲ. ಮೂರನೇ ಸಲಕ್ಕೆ ಕೈ ಎತ್ತಿದವನಿಗೆ ಗೋಡೆಯ ಮೇಲೆ ಕ್ಯಾಲೆಂಡರಿನ ಪಕ್ಕ ತೂಗುತ್ತಿದ್ದ ಕೆಂಪು ಚೀಟಿ ಕಂಡಿತು.

ಎತ್ತಿದ ಕೈ ಹಾಗೇ ನಿಂತುಬಿಟ್ಟಿತು. ಕಿವಿಯಲ್ಲಿ ಒಂದು ಹೆಣ್ಣಿನ ದನಿ ಒಂದು, ಎರಡು, ಮೂರು ಎಂದು ಎಣಿಸುತ್ತಿತ್ತು. ಹದಿನಾಲ್ಕಕ್ಕೆ ಅದು ನಿಂತಿತು. ಹೊರಗೆ ಡ್ರೈವರು ಮತ್ತೆ ಮೂರು ಸಲ ಹಾರ್ನ್ ಹೊಡೆದ, ಈ ಸಲ ಮಾವ ತನ್ನ ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡ. ಹಿಡಿಯದಿದ್ದರೆ ಅದು ಮತ್ತೆ ಹೋಗುತ್ತಿತ್ತೋ ಏನೋ, ಅವನಿಗೆ ಅದರ ಮೇಲೆ ನಂಬಿಕೆ ಹೋಗಿತ್ತು.

ಆಮೇಲೆ ಅವನು ಮೆಟ್ಟಿಲು ಹತ್ತಿದ. ಯಾಕೆ ಹತ್ತಿದ ಎಂದು ಕೇಳಿದರೆ ಹೇಳಲು ಅವನಿಗೇ ತಿಳಿಯದು. ಬೀಗ ಇದೆ, ಪಟ್ಟಿ ಓಡಿಲ್ಲ, ಅಳಿಯನಿಗೆ ಏನೂ ಆಗಿರಲಿಕ್ಕಿಲ್ಲ ಎಂದು ಬುದ್ಧಿಗೆ ಗೊತ್ತಿತ್ತು. ಕಣ್ಣಿಗೆ ಗೊತ್ತಾಗಬೇಕಿತ್ತು. ಮಂಡಿ ನೋವಿನ ಮನುಷ್ಯ, ಕಬ್ಬಿಣದ ಕಂಬಿ ಹಿಡಿದು, ಇಪ್ಪತ್ತಕ್ಕೊಮ್ಮೆ ಕೂತು ಉಸಿರೆಳೆದು, ನೂರ ತೊಂಬತ್ತಾರನ್ನೂ ಹತ್ತಿ ನೆತ್ತಿಗೆ ಬಂದ. ಹಗ್ಗ ಹಿಡಿದು ಕೂತಿದ್ದವನು ಇವನನ್ನು ಕಂಡು ಸರಿದು ಜಾಗ ಬಿಟ್ಟ. ಮಾವ ಅವನ ಪಕ್ಕ ಮಂಡಿಯೂರಿ ಒಳಗೆ ಬಗ್ಗಿ ನೋಡಿದ.

ಎಷ್ಟು ದೊಡ್ಡದಾಗಿತ್ತು ಅದು. ಇಪ್ಪತ್ತೆಂಟು ವರ್ಷ ಹಾಲು ಕರೆದವನು ಹಸುವಿನ ಮುಖವನ್ನೇ ನೋಡಿರಲಿಲ್ಲ ಎಂದರೆ ಹೇಗೋ ಹಾಗೆ. ನೆತ್ತಿಯ ಬಾಯಿಯಿಂದ ಬಿದ್ದ ಬೆಳಕು ಕಂಬದಂತೆ ನೆಟ್ಟಗೆ ಇಳಿದು, ಅದರೊಳಗೆ ಧೂಳು ನಿಧಾನವಾಗಿ ತಿರುಗುತ್ತಿತ್ತು. ಕೆಳಗೆ, ಗೋಡೆಯಿಂದ ಗೋಡೆಯವರೆಗೆ, ಒಂದು ಗೆರೆಯೂ ಅಲುಗದೆ ಗೋಧಿ. ಅದರ ಅಡಿಯಲ್ಲಿ ಇನ್ನೂ ಒಂಬತ್ತು ಮಹಡಿಯಷ್ಟು ಗೋಧಿ ಇದೆಯೆಂದು ಅವನಿಗೆ ಗೊತ್ತಿತ್ತು, ಅಷ್ಟನ್ನೂ ಹೊರಗೆ ಸುರಿಸುವುದು ತನ್ನ ಒಂದೇ ಗುಂಡಿ. ಅದರ ನಟ್ಟನಡುವೆ ಹೆಬ್ಬೆಟ್ಟಿನಷ್ಟು ಕಾಣುವ ಅಳಿಯ ಗಳದಿಂದ ಕುಟ್ಟುತ್ತಿದ್ದ. ಒಂದೊಂದು ಏಟೂ ಸುತ್ತಲ ಗೋಡೆಗೆ ತಾಗಿ ಎರಡೆರಡು ಸಲ ಮೇಲಕ್ಕೆ ಬರುತ್ತಿತ್ತು. ಕುಟ್ಟುತ್ತ ಕುಟ್ಟುತ್ತ ಅವನು ಶಿಳ್ಳೆ ಹಾಕುತ್ತಿದ್ದ, ಶ್ರುತಿಗೂ ಅದಕ್ಕೂ ಸಂಬಂಧವಿರಲಿಲ್ಲ. ಮನೆಯಲ್ಲಿ ಮಗುವನ್ನು ಮಲಗಿಸುವಾಗಲೂ ಅವನದು ಅದೇ ಶಿಳ್ಳೆ, ಮಗು ಎಚ್ಚರವಾಗುವುದೇ ಹೆಚ್ಚು ಎಂದು ಮಗಳು ಬೈಯುತ್ತಿದ್ದಳು.

ಮಾವ ಅಲ್ಲಾಡದೆ ಕೇಳಿದ. ಜೀವಮಾನದಲ್ಲಿ ಅವನು ಇಷ್ಟು ದೊಡ್ಡದನ್ನು ಕಂಡಿರಲಿಲ್ಲ. ದೊಡ್ಡದು ಎಂದರೆ ಕಣಜವಲ್ಲ. ಈ ಮನುಷ್ಯ ಬದುಕಿದ್ದಾನೆ, ಬದುಕಿದ್ದಾನೆಂದು ಅವನಿಗೇ ಗೊತ್ತಿಲ್ಲ. ಅವನನ್ನು ಕಾಪಾಡಿದ ಹೆಂಗಸು ಈ ಹೊತ್ತು ಕೆಳಗೆ ಕೂತು ಚೀಲ ಹೊಲಿಯುತ್ತಿದ್ದಾಳೆ, ಅವಳಿಗೂ ಗೊತ್ತಿಲ್ಲ. ಯಾರೂ ಓಡಿ ಬರಲಿಲ್ಲ, ಯಾರೂ ಕೂಗಿಕೊಳ್ಳಲಿಲ್ಲ, ಯಾರೂ ಯಾರ ಕೈಯನ್ನೂ ಹಿಡಿದೆಳೆಯಲಿಲ್ಲ. ನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ, ಮೇಜಿನ ಮುಂದೆ ಪೆನ್ಸಿಲು ಹಿಡಿದು ಕೂತು, ಎಲ್ಲರೂ ಮುಖ ಸಿಂಡರಿಸುತ್ತಿರುವಾಗ, ಅವಳು ಇವನನ್ನು ಕಾಪಾಡಿ ಇಟ್ಟಿದ್ದಳು. ಇವತ್ತಿಗೆ ಎಂದು ತೆಗೆದಿಟ್ಟಿದ್ದಳು. ಅದು ಮಾವನ ತಲೆಯಲ್ಲಿ ಹಿಡಿಸದಷ್ಟು ದೊಡ್ಡದಾಗಿತ್ತು, ಕಣ್ಣಲ್ಲಿ ನೀರು ಬಂತು.

ಅಳಿಯ ತಲೆ ಎತ್ತಿ ನೋಡಿದ. ಏನು ಮಾವ, ಇಷ್ಟು ದೂರ ಎಂದು ಕೂಗಿದ. ಮಾವ ಸುಮ್ಮನೆ ಕೈ ಆಡಿಸಿದ.

ಇಳಿಯುವಾಗ ಇನ್ನೊಂದು ಯೋಚನೆ ಬಂತು, ಅದು ಹತ್ತುವಾಗಿನದಕ್ಕಿಂತ ಭಾರವಾಗಿತ್ತು. ತಾನು ಒತ್ತಿದ್ದು ಯಾರಿಗೂ ಗೊತ್ತಿಲ್ಲ. ಲಾರಿಯವನು ಪಟ್ಟಿ ಕೆಟ್ಟಿದೆ ಎಂದುಕೊಂಡಿರುತ್ತಾನೆ. ತಾನು ಬಾಯಿ ಮುಚ್ಚಿಕೊಂಡರೆ ಇಪ್ಪತ್ತೆಂಟು ವರ್ಷದ ಹೆಸರು ಹಾಗೇ ಉಳಿಯುತ್ತದೆ, ಮಧ್ಯಾಹ್ನ ಬೀಗ ಹೋಗುತ್ತದೆ. ಬಾಯಿ ಬಿಟ್ಟರೆ ಕುರ್ಚಿ ಹೋಗಬಹುದು. ಕುರ್ಚಿ ಹಾಳಾಗಲಿ. ಒಂದೇ ಮನೆಯಲ್ಲಿ, ದಿನಾ ಎದುರುಬದುರು ಕೂತು ಉಣ್ಣುವ ಮನುಷ್ಯನಿಗೆ, ಇವತ್ತು ನಿನ್ನ ಮೇಲೆ ನಾನು ಗುಂಡಿ ಒತ್ತಿದೆ ಎಂದು ಹೇಗೆ ಹೇಳುವುದು? ಮಗಳ ಮುಖವನ್ನು ಯಾವ ಕಣ್ಣಿಂದ ನೋಡುವುದು? ಕೆಳಗಿಳಿಯುವಷ್ಟರಲ್ಲಿ ಅವನು ಹೇಳಬಾರದೆಂದು ಎರಡು ಸಲ, ಹೇಳಬೇಕೆಂದು ಎರಡು ಸಲ ತೀರ್ಮಾನ ಮಾಡಿದ್ದ.

ಮಧ್ಯಾಹ್ನ ಮೂರು ಗಂಟೆಗೆ ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಮ್ಯಾನೇಜರು, ಅವನ ಗುಮಾಸ್ತ. ಇನ್ನೊಂದು ತುದಿಯಲ್ಲಿ ದಬ್ಬಣದಕ್ಕ, ಅವಳ ಮುಂದೆ ಬಟ್ಟೆ ಹೊದಿಸಿದ ನೋಟ್‌ಬುಕ್ಕು. ಬೀಗ ಬಳಸಿದವರೆಂದು ಅಳಿಯನನ್ನೂ ಇನ್ನಿಬ್ಬರನ್ನೂ ಕರೆದಿದ್ದರು, ಬಾಗಿಲ ಬಳಿ ನಿಂತು ಕೇಳುವವರೂ ಏಳೆಂಟು ಜನ. ಮಾವನ ದೊಡ್ಡ ಅಕ್ಷರದ ಸಹಿ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಮಲಗಿತ್ತು.

ಮ್ಯಾನೇಜರು ಕೆಟ್ಟವನಲ್ಲ, ಅವಸರದವನು. ಬೀಗದಿಂದ ಎಷ್ಟು ಲಾರಿ ಎಷ್ಟೆಷ್ಟು ಹೊತ್ತು ಕಾದವು ಎಂದು ಓದಿದ. ಆಮೇಲೆ ದಬ್ಬಣದಕ್ಕನ ಕಡೆ ತಿರುಗಿ, ಈ ನಾಲ್ಕು ತಿಂಗಳಲ್ಲಿ ಬೀಗದಿಂದ ಒಂದು ಅಪಘಾತ ತಪ್ಪಿದ್ದಕ್ಕೆ ಒಂದೇ ಒಂದು ಉದಾಹರಣೆ ಇದ್ದರೆ ಹೇಳಿ, ನಾನೇ ಉಳಿದ ಏಳಕ್ಕೂ ಹಾಕಿಸುತ್ತೇನೆ ಎಂದ.

ಬೇರೆ ಯಾರಾದರೂ ಆಗಿದ್ದರೆ ಒಂದು ಕಥೆ ಹೆಣೆಯುತ್ತಿದ್ದರು. ಅವಳು ನೋಟ್‌ಬುಕ್ಕಿನ ಹಾಳೆಗಳನ್ನು ಮೊದಲಿಂದ ಕೊನೆಯವರೆಗೆ ಮಗುಚಿ ನೋಡಿದಳು. ಇಲ್ಲ ಸಾರ್, ಅಂಥದ್ದು ಒಂದೂ ನನ್ನ ಹತ್ತಿರ ಬಂದಿಲ್ಲ ಎಂದಳು. ಅವಳ ದನಿ ಸಣ್ಣದಾಗಿತ್ತು. ಸುಳ್ಳು ಹೇಳಿ ಗೆಲ್ಲಬಹುದಾದ ಜಾಗದಲ್ಲಿ ಅವಳು ನಿಜ ಹೇಳಿ ಸೋಲುತ್ತ ಕೂತದ್ದನ್ನು ಮಾವ ನೋಡಿದ.

“ಮಾವ, ಗುಂಡಿಗಳ ಮುಂದೆ ಕೂರೋರು ನೀವು. ನೀವೇ ಹೇಳಿ,” ಎಂದ ಮ್ಯಾನೇಜರು.

ಮಾವ ಎದ್ದು ನಿಂತ. ಬೆಳಿಗ್ಗೆ ಜೋಡಿಸಿದ್ದ ಮಾತು ಒಂದೂ ನೆನಪಿರಲಿಲ್ಲ. ಮೇಜಿನ ಅಂಚನ್ನು ಹಿಡಿದುಕೊಂಡ.

“ಇವತ್ತು ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ನಾನು ಮೂರನೇ ಗುಂಡಿ ಒತ್ತಿದೆ. ಅಳಿಯಂದಿರು ಒಳಗಿದ್ರು.”

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಗುಮಾಸ್ತ ಬರೆಯುವುದನ್ನು ನಿಲ್ಲಿಸಿ, ಮ್ಯಾನೇಜರನ ಮುಖ ನೋಡಿದ.

“ಅವರು ಹೇಳಿ ಹೋಗಿದ್ರು. ಹತ್ತೇ ನಿಮಿಷ ಆಗಿತ್ತು. ಓಡಲಿಲ್ಲ ಅಂತ ಸಿಟ್ಟು ಬಂದು ಇನ್ನೊಂದು ಸಲ ಒತ್ತಿದೆ.” ಅವನು ದಬ್ಬಣದಕ್ಕನ ಕಡೆ ತಿರುಗಿದ. “ಎರಡು ಸಲ ಒತ್ತಿದೀನಿ. ಬರ್ಕೊಳಮ್ಮ.”

ಮಾವ ಅಳಿಯನ ಕಡೆ ನೋಡಲಿಲ್ಲ, ನೋಡುವ ಶಕ್ತಿ ಇರಲಿಲ್ಲ. ಅವನು ನೋಡುತ್ತಿದ್ದುದು ದಬ್ಬಣದಕ್ಕನನ್ನು. ಈಗ ಅವಳು ಗೆದ್ದಳು, ಈಗ ಒಂದು ಮಾತು ಅಂದಾಳು, ಅನ್ನಲಿ, ಅನ್ನಿಸಿಕೊಳ್ಳುತ್ತೇನೆ ಎಂದು ಕಾದ. ಅವಳು ಹೊಸ ಹಾಳೆ ತೆರೆದು ಪೆನ್ಸಿಲು ಹಿಡಿದಳು. ಒಂದು ಕ್ಷಣ ಕಣ್ಣು ಮುಚ್ಚಿ ತೆರೆದು, ಚೀಟಿ ಎಲ್ಲಿತ್ತು ಎಂದು ಕೇಳಿದಳು. ಕ್ಯಾಲೆಂಡರಿನ ಮೊಳೆಗೆ ಎಂದ ಮಾವ. ಬರೆದಳು. ಅಷ್ಟು ಬಿಟ್ಟರೆ ಒಂದು ಹುಬ್ಬೂ ಏರಿಸಲಿಲ್ಲ.

“ಕೈ ಯಾಕೆ ಹೋಯ್ತು ಮಾವ?”

ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ. ನಿಂತಲ್ಲೇ ಯೋಚಿಸಿದ.

“ಹಾರ್ನ್ ಮೂರು ಸಲ ಆಯ್ತು. ಅದಕ್ಕೇ ಹೋಯ್ತು.”

ಅವಳು ‘ಹಾರ್ನ್’ ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಳು. ಅಷ್ಟರಲ್ಲಿ ಮ್ಯಾನೇಜರು ಚೇತರಿಸಿಕೊಂಡು, ಇಂಥವರನ್ನು ಇನ್ನು ಗುಂಡಿಗಳ ಮುಂದೆ ಕೂರಿಸುವುದು ಹೇಗೆ ಎಂದು ಶುರು ಮಾಡಿದ. ದಬ್ಬಣದಕ್ಕ ತಲೆ ಎತ್ತದೆಯೇ, ತಾವಾಗಿ ಬಂದು ಹೇಳಿದವರಿಗೆ ಶಿಕ್ಷೆ ಇಲ್ಲ ಎಂದು ನಾಲ್ಕು ತಿಂಗಳ ಹಿಂದೆ ನೀವೇ ಸಹಿ ಹಾಕಿದ್ದೀರಿ ಸಾರ್ ಎಂದಳು. ಇವರನ್ನು ಎಬ್ಬಿಸಿ ಇನ್ನೊಬ್ಬರನ್ನು ಕೂರಿಸಿದರೂ ಅವರಿಗೂ ಎರಡು ಕಿವಿ, ಒಂದು ಬಲಗೈ ಇದ್ದೇ ಇರುತ್ತದೆ, ಹೋಗಬೇಕಾದ್ದು ಹಾರ್ನು ಎಂದಳು. ಮ್ಯಾನೇಜರು ಲಾರಿ ಕಾದ ಲೆಕ್ಕದ ಹಾಳೆಯನ್ನು ಇನ್ನೊಮ್ಮೆ ನೋಡಿದ. ಆಮೇಲೆ ಮಾವನ ಸಹಿ ಇದ್ದ ಕಾಗದವನ್ನು ತಲೆಕೆಳಗಾಗಿ ಮಗುಚಿಟ್ಟು, ಇನ್ನೂ ಏಳು ಬೀಗ ತರಿಸು ಎಂದು ಗುಮಾಸ್ತನಿಗೆ ಹೇಳಿದ.

ಸಭೆ ಮುಗಿದಾಗ ಬಾಗಿಲ ಬಳಿ ನಿಂತಿದ್ದವರು ಮಾವನಿಗೆ ದಾರಿ ಬಿಟ್ಟರು. ಯಾರೂ ಗೇಲಿ ಮಾಡಲಿಲ್ಲ. ತೂಕದ ಮನೆಯವನೊಬ್ಬ ಮಾತ್ರ ದಬ್ಬಣದಕ್ಕನ ಹತ್ತಿರ ಹೋಗಿ, ಅಕ್ಕಾ, ಹೋದ ವರ್ಷದ್ದು ಒಂದಿದೆ, ಈಗ ಹೇಳಬಹುದಾ ಎಂದು ಮೆಲ್ಲಗೆ ಕೇಳಿದ. ಅವಳು ಕುರ್ಚಿ ಎಳೆದು ಅವನನ್ನು ಕೂರಿಸಿಕೊಂಡಳು. ಅವನ ಹಿಂದೆ ಇನ್ನಿಬ್ಬರು ನಿಂತಿದ್ದರು.

ಮಾವ ಗೇಟಿನ ಹೊರಗೆ ಬಂದ. ಅಳಿಯ ಅಲ್ಲಿ ಒಬ್ಬನೇ ನಿಂತಿದ್ದ, ತಲೆಗೂದಲಲ್ಲಿ ಗೋಧಿಯ ಧೂಳು ಹಾಗೇ ಇತ್ತು.

“ಕೋಪ ಬಂದಿದ್ರೆ ಬೈದುಬಿಡಿ,” ಎಂದ ಮಾವ. ಕಾರ್ಖಾನೆಯ ಗೋಡೆಯ ಪಕ್ಕದಲ್ಲೇ ಬಹುವಚನ ಬಂದಿತ್ತು.

ಅಳಿಯ ಅವನ ಕಡೆ ತಿರುಗಿದ.

“ನೀವು ಮೇಲೆ ಬಂದ್ರಲ್ಲ, ಅದು ಒತ್ತಿದ ಮೇಲಾ?”

ಮಾವ ಹೌದೆಂದು ತಲೆಯಾಡಿಸಿದ.

“ಆ ಮಂಡಿ ಇಟ್ಕೊಂಡು,” ಎಂದ ಅಳಿಯ. ಅಂಗೈಯಿಂದ ಮುಖ ಒರೆಸಿಕೊಂಡು ನಡೆಯತೊಡಗಿದ, ಎರಡು ಹೆಜ್ಜೆಯಾದ ಮೇಲೆ ಮಾವನಿಗಾಗಿ ನಿಂತ.

ಮನೆಯ ರಸ್ತೆಯ ತಿರುವಿನಲ್ಲಿ ಮಾವ ನಿಂತ. ಮಗಳಿಗೆ ಯಾರು ಹೇಳುವುದು ಎಂದು ಕೇಳಿದ. ನೀವೇ ಹೇಳಿ, ನಾನು ಪಕ್ಕದಲ್ಲೇ ಕೂತಿರ್ತೀನಿ ಎಂದ ಅಳಿಯ.

ಬಾಗಿಲು ತೆರೆದ ಮಗಳ ಕಂಕುಳಲ್ಲಿ ಮಗು ಇತ್ತು. ಇಬ್ಬರೂ ಒಟ್ಟಿಗೆ ಬಂದದ್ದನ್ನೂ ಇಬ್ಬರ ಮುಖವನ್ನೂ ನೋಡಿ ಅವಳ ಬಣ್ಣವೇ ಹಾರಿಹೋಯಿತು.

“ಏನಾಯ್ತಪ್ಪಾ?”

ಅವಳ ಗಂಡ ಅವಳ ಕಣ್ಣೆದುರಿಗೆ, ಬಾಗಿಲ ಪಕ್ಕದಲ್ಲಿ, ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದ. ಮಾವ ಅವನನ್ನು ನೋಡಿದ, ಮಗಳನ್ನು ನೋಡಿದ, ಅಪ್ಪನ ಕಡೆ ಕೈ ಚಾಚುತ್ತಿದ್ದ ಮಗುವನ್ನು ನೋಡಿದ.

“ಏನೂ ಆಗಲಿಲ್ಲಮ್ಮ,” ಎಂದವನು ಹೊಸ್ತಿಲ ಮೇಲೇ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತುಬಿಟ್ಟ.